ಗೆಳತಿಗೆ ಎಂಟೇ ದಿನ ರಜೆ, ಥೊರಾಂಗ್ ಲಾಗೆ ಹದಿನಾಲ್ಕು ಬೇಕು

ಚಾರಣದ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ಬಹಳ ಕಾಲದಿಂದ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ನಡೆದು, ಆ ಹಾದಿಯ ಅತಿ ಎತ್ತರದ ಕಣಿವೆದಾರಿಯಾದ ಥೊರಾಂಗ್ ಲಾ ಪಾಸ್ ದಾಟಬೇಕೆಂದುಕೊಂಡಿದ್ದೆವು. ಈ ಸಲ ದಸರಾ ರಜೆಗೆ ಹೊಂದಿಸಿ ಹದಿನಾಲ್ಕು ದಿನಗಳ ಯೋಜನೆ ಹಾಕಿದೆವು. ಕಠ್ಮಂಡುವಿನ ಸಂಸ್ಥೆಯೊಂದಕ್ಕೆ ಮಾರ್ಗದರ್ಶಿಗಾಗಿ ಮುಂಗಡ ಕಟ್ಟಿಯಾಗಿದೆ. ಈಗ ಅವಳಿಗೆ ಮಂಜೂರಾಗಿರುವುದು ಎಂಟೇ ದಿನದ ರಜೆ. “ನೀನು ಮೊದಲೇ ಹೊರಡು. ನಾನು ತಡವಾಗಿ ಬಂದು ಜೀಪಿನಲ್ಲಿ ನೇರ ಪಾಸಿನ ಈಚೆಯ ಮನಾಂಗ್ ಊರಿಗೆ ಬರುತ್ತೇನೆ. ಪಾಸ್ ಒಟ್ಟಿಗೆ ದಾಟೋಣ” ಎನ್ನುತ್ತಾಳೆ. ಇಲ್ಲವಾದರೆ ಇಡೀ ಚಾರಣವನ್ನೇ ಎಂಟು ದಿನಕ್ಕೆ ಇಳಿಸೋಣವೆಂಬ ಇನ್ನೊಂದು ಸಲಹೆಯೂ ಅವಳದೇ. ನನಗೆ ಸಿಟ್ಟು ಬಂದಿದೆ. ಒಬ್ಬಳೇ ಹೋಗಲು ಅಳುಕೂ ಇದೆ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಸಿಟ್ಟಿನ ವಿಚಾರ ಆಮೇಲೆ ನೋಡೋಣ. ಮೊದಲು ಆ ಜೀಪಿನ ಉಪಾಯವನ್ನು ಕೈಬಿಡಿ.

ಈ ಹಾದಿ ಶುರುವಾಗುವ ಬೇಸಿಸಹರ್ ಪೇಟೆ ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲೂ ಇಲ್ಲ. ಮನಾಂಗ್ ಇರುವುದು ಸುಮಾರು 3,540 ಮೀಟರ್‌ನಲ್ಲಿ. ಹಿಂದೆಲ್ಲ ಈ ದೂರವನ್ನು ನಡೆದು ಮುಗಿಸಲು ವಾರ ಹಿಡಿಯುತ್ತಿತ್ತು. ಈಗ ಬಂಡೆ ಕಡಿದು ಮಣ್ಣಿನ ರಸ್ತೆ ಮಾಡಿದ್ದಾರೆ, ಸೊಂಟ ಗಟ್ಟಿಯಿದ್ದವರು ಒಂದೇ ದಿನದಲ್ಲಿ ತಲುಪಿಬಿಡುತ್ತಾರೆ. ತಲುಪಿದ ರಾತ್ರಿ ತಲೆ ಹಿಡಿದುಕೊಂಡು ಕೂರುತ್ತಾರೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಮಲಗಿದಲ್ಲೇ ಇನ್ನೊಂದು ರಾತ್ರಿ ಮಲಗಿ ಎಂದು ಪರ್ವತ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ನಿಮ್ಮ ಗೆಳತಿ ಮನಾಂಗ್‌ಗೆ ಬಂದಿಳಿಯುವ ಹೊತ್ತಿಗೆ ನಿಮ್ಮ ದೇಹ ಆ ಗಾಳಿಗೆ ಒಗ್ಗಿರುತ್ತದೆ, ಅವಳದು ಹಿಂದಿನ ದಿನವಷ್ಟೇ ಬಯಲಿನಲ್ಲಿತ್ತು. ಆಗ ಎತ್ತು ಏರಿಗೆ, ಕೋಣ ನೀರಿಗೆ. ಅವಳು ಹೊಂದಿಕೊಳ್ಳಲೆಂದು ನೀವು ಮನಾಂಗ್‌ನಲ್ಲೇ ಕುಳಿತರೆ ಅವಳ ರಜೆ ಮುಗಿಯುತ್ತದೆ. ಕೂರದೆ 5,416 ಮೀಟರ್‌ನ ಥೊರಾಂಗ್ ಲಾ ಕಡೆಗೆ ಹೊರಟರೆ ಅವಳನ್ನು ಹೊತ್ತು ಇಳಿಸಬೇಕಾಗಬಹುದು.

ಆದ್ದರಿಂದ ಲೆಕ್ಕವನ್ನು ತಿರುಗಿಸಿ. ಎತ್ತರದ ದಾರಿಯಲ್ಲಿ ರಜೆ ಕಡಿಮೆ ಇರುವವರು ತಡವಾಗಿ ಬಂದು ಸೇರಬಾರದು, ಜೊತೆಯಲ್ಲೇ ಹೊರಟು ಬೇಗ ಇಳಿಯಬೇಕು. ಇಬ್ಬರೂ ಒಂದೇ ದಿನ ಕಠ್ಮಂಡು ಬಿಡಿ. ಬೇಸಿಸಹರ್‌ನಲ್ಲಿ ಒಂದು ರಾತ್ರಿ ಇದ್ದು, ಮರುದಿನ ಜೀಪಿನಲ್ಲಿ ಚಾಮೆಯವರೆಗೆ ಹೋಗಿ. ಅದು ಮನಾಂಗ್ ಜಿಲ್ಲೆಯ ಕೇಂದ್ರ, ಎತ್ತರ ಸುಮಾರು 2,700 ಮೀಟರ್. ಅಲ್ಲಿಂದ ನಡೆಯಿರಿ. ಮೊದಲ ದಿನ ಪೈನ್ ಕಾಡಿನ ನಡುವೆ ಅಪ್ಪರ್ ಪಿಸಾಂಗ್. ಊರು ಗುಡ್ಡದ ಮೈಗೆ ಅಂಟಿಕೊಂಡಿದೆ. ಮೇಲ್ತುದಿಯ ಗೊಂಪಾದ (ಬೌದ್ಧ ಮಠದ) ಜಗುಲಿಯಲ್ಲಿ ಕುಳಿತರೆ ಎದುರಿಗೆ ಎರಡನೆಯ ಅನ್ನಪೂರ್ಣ ಶಿಖರ ಇಡಿಯಾಗಿ ನಿಂತಿರುತ್ತದೆ. ಮರುದಿನ ಕೆಳಗಿನ ಜೀಪ್ ರಸ್ತೆಗೆ ಇಳಿಯದೆ ಘ್ಯಾರು ಏರಿ. ಅಂಕುಡೊಂಕಾದ ಆ ಏರು ಕಂಡೊಡನೆ ಗೆಳತಿ ನಿಮ್ಮನ್ನು ಬೈಯುತ್ತಾಳೆ, ಬೈಯಲಿ. ಮೇಲೆ ಹೋದ ಮೇಲೆ ಕಲ್ಲಿನ ಮನೆಗಳು, ಮಾಡಿನ ಮೇಲೆ ಒಣಹಾಕಿದ ಸೌದೆ, ಹುರುಳಿಯ ಬಣ್ಣದ ಗದ್ದೆಗಳು, ನದಿಯಾಚೆ ಸಾಲು ಹಿಮಶಿಖರ. ಆ ರಾತ್ರಿ ನ್ಗಾವಲ್‌ನಲ್ಲಿ ಮಲಗಿ, ಮರುದಿನ ಬ್ರಾಗಾದ ಹಳೆಯ ಗೊಂಪಾ ನೋಡಿಕೊಂಡು ಮನಾಂಗ್‌ಗೆ ಇಳಿಯಿರಿ. ನ್ಗಾವಲ್ ಮನಾಂಗ್‌ಗಿಂತ ತುಸು ಎತ್ತರದಲ್ಲಿದೆ. ಹೀಗಾಗಿ ಮೇಲೆ ಮಲಗಿ ಕೆಳಗೆ ಬಂದಂತಾಗುತ್ತದೆ, ದೇಹಕ್ಕೂ ಒಳ್ಳೆಯದು. ಮನಾಂಗ್‌ನಲ್ಲಿ ಸೇಬಿನ ಪೈ ತಿಂದು ಅವಳು ಜೀಪ್ ಹತ್ತಲಿ, ನೀವು ಇನ್ನೊಂದು ದಿನ ಅಲ್ಲಿಯೇ ಇದ್ದು ಗಂಗಾಪೂರ್ಣ ಸರೋವರದ ಕಡೆ ಏರಿ ಇಳಿದು, ನಂತರ ಮಾರ್ಗದರ್ಶಿಯೊಂದಿಗೆ ಮುಂದುವರಿಯಿರಿ.

ಪಾಸ್ ತಪ್ಪಿತೆಂದು ಅವಳು ಅಳುವುದಾದರೆ ಒಂದು ಮಾತು. ಸರ್ಕ್ಯೂಟ್‌ನ ಅತ್ಯಂತ ಚಂದದ ಭಾಗ ಪಿಸಾಂಗ್‌ನಿಂದ ಮನಾಂಗ್‌ವರೆಗಿನ ಮೇಲ್ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಥೊರಾಂಗ್ ಲಾದ ತುದಿಯಲ್ಲಿ ಇರುವುದು ಕೊರೆಯುವ ಗಾಳಿ, ಪ್ರಾರ್ಥನಾ ಪತಾಕೆಗಳ ರಾಶಿ, ಫಲಕದ ಪಕ್ಕ ಚಿತ್ರ ತೆಗೆಸಿಕೊಳ್ಳಲು ಸರತಿ ನಿಂತ ಜನ. ದಾಟಿದ ಮೇಲೆ ಮುಕ್ತಿನಾಥಕ್ಕೆ 1,600 ಮೀಟರ್ ಒಂದೇ ಸಮನೆ ಇಳಿಯಬೇಕು. ಮಂಡಿಗಳಿಗೆ ಕೇಳಿ, ಅವು ಪಾಸಿನ ಬಗ್ಗೆ ಏನು ಹೇಳುತ್ತವೆಂದು.

ಇದು ಒಪ್ಪಿಗೆಯಾಗದೆ ಅವಳು ತಡವಾಗಿಯೇ ಬರುವುದಾದರೆ ಮನಾಂಗ್ ಕಡೆ ಬರುವುದು ಬೇಡ, ಆಚೆಯ ಮಗ್ಗುಲಿಗೆ ಬರಲಿ. ಪೊಖರಾದಿಂದ ಕಾಳಿ ಗಂಡಕಿ ಕಣಿವೆ ಹಿಡಿದು ಮಾರ್ಫಾ, ಕಾಗ್‌ಬೇನಿಗಳಲ್ಲಿ ಒಂದೊಂದು ರಾತ್ರಿ ಇದ್ದು ಮುಕ್ತಿನಾಥಕ್ಕೆ ಬಂದು ನಿಮಗಾಗಿ ಕಾಯಲಿ. ಅಲ್ಲಿಂದ ಟಿಬೆಟ್ಟಿನ ಪ್ರಾಚೀನ ಬೊನ್ ಧರ್ಮೀಯರ ಹಳ್ಳಿ ಲುಬ್ರಾ ಮೂಲಕ ಜೋಮ್‌ಸೋಮ್‌ವರೆಗೆ ಕಾಲುದಾರಿಯಿದೆ, ಅದನ್ನು ಒಟ್ಟಿಗೆ ನಡೆಯಿರಿ. ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಆ ಕಣಿವೆಯಲ್ಲಿ ಏಳುವ ಗಾಳಿ ಮುಖಕ್ಕೆ ಮರಳು ಎರಚುತ್ತದೆ. ಜೋಮ್‌ಸೋಮ್‌ನ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದೂ ಅದೇ ಗಾಳಿಗೆ ಅಂಜಿ.

ಇಡೀ ಚಾರಣವನ್ನು ಎಂಟು ದಿನಕ್ಕೆ ಇಳಿಸುವ ಇನ್ನೊಂದು ಸಲಹೆಗೆ ನನ್ನ ಉತ್ತರ: ಬೇಡ. ಗೆಳೆತನಕ್ಕಾಗಿ ಯೋಜನೆಯನ್ನು ಕತ್ತರಿಸುವವರು ಮೊದಲು ಕತ್ತರಿಸುವುದು ವಿಶ್ರಾಂತಿಯ ದಿನವನ್ನೇ. ಕಾಗದದ ಮೇಲೆ ಅದು ಖಾಲಿ ದಿನದಂತೆ ಕಾಣುತ್ತದೆ. ದೇಹ ಹೊಸ ಗಾಳಿಗೆ ಒಗ್ಗುವುದು ಆ ದಿನವೇ.

ಮಾರ್ಗದರ್ಶಿಯ ವಿಷಯ. 2023ರ ಏಪ್ರಿಲ್ 1ರಿಂದ ನೇಪಾಳ ಪ್ರವಾಸೋದ್ಯಮ ಮಂಡಳಿಯ ನಿಯಮದಂತೆ ವಿದೇಶಿ ಚಾರಣಿಗರು ನೋಂದಾಯಿತ ಸಂಸ್ಥೆಯ ಮೂಲಕ ಮಾರ್ಗದರ್ಶಿಯನ್ನು ಜೊತೆಗೊಯ್ಯಬೇಕು. ಇಬ್ಬರಿಗೆ ಒಬ್ಬ ಮಾರ್ಗದರ್ಶಿ ಎಂದು ಒಪ್ಪಂದ ಮಾಡಿಕೊಂಡಿದ್ದರೆ, ನಡುವೆ ಇಬ್ಬರೂ ಬೇರೆಯಾದಾಗ ಅವನು ಯಾರ ಜೊತೆ ಹೋಗುತ್ತಾನೆ? ಇದನ್ನು ಮುಂಗಡ ಕಟ್ಟುವ ಮೊದಲೇ ಕೇಳಬೇಕಿತ್ತು. ಈಗಲಾದರೂ ಸಂಸ್ಥೆಗೆ ಬರೆದು ಕೇಳಿ. ನಿಮ್ಮ ಗೆಳತಿ ಆರೋಗ್ಯವಾಗಿ ಜೀಪಿನಲ್ಲಿ ಇಳಿಯುವುದಾದರೆ ಹೆಚ್ಚಿನ ತೊಡಕಿಲ್ಲ. ಆದರೂ ಅವಳನ್ನು ಬೇಸಿಸಹರ್‌ನಲ್ಲಿ ಯಾರು ಎದುರುಗೊಳ್ಳುತ್ತಾರೆ ಎಂಬುದು ಬರಹದಲ್ಲಿರಲಿ. ಒಬ್ಬಳೇ ಮುಂದೆ ಹೋಗುವ ಅಳುಕಿಗೂ ದಾರಿಯಿದೆ. ನೇಪಾಳದಲ್ಲಿ ತರಬೇತಿ ಪಡೆದ ಮಹಿಳಾ ಮಾರ್ಗದರ್ಶಿಯರು ಇದ್ದಾರೆ, ಮೊದಲೇ ಹೇಳಿದರೆ ಸಿಗುತ್ತಾರೆ. ಕೊನೆಯ ಘಳಿಗೆಯಲ್ಲಿ ಸಿಗುವುದಿಲ್ಲ, ಅದರಲ್ಲೂ ದಸರೆಯಲ್ಲಿ. ನಮ್ಮ ನವರಾತ್ರಿಯೇ ಅವರ ದಶೈಂ, ವಿಜಯದಶಮಿಯಂದು ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳಲು ಇಡೀ ದೇಶ ಊರಿಗೆ ಹೊರಡುತ್ತದೆ. ಕನ್ನಡಿಗರಿಗೆ ರಜೆ ಸಿಗುವ ದಿನಗಳಲ್ಲೇ ಅಲ್ಲಿನ ಚಾಲಕರಿಗೂ ಮಾರ್ಗದರ್ಶಿಗಳಿಗೂ ಮನೆ ನೆನಪಾಗುತ್ತದೆ, ಬಸ್ಸುಗಳು ತುಂಬಿ ತುಳುಕುತ್ತವೆ. ಹಬ್ಬ ಕಳೆದು ನಾಲ್ಕು ದಿನ ಬಿಟ್ಟು ಹೊರಡಲು ಸಾಧ್ಯವಾದರೆ ಹಾಗೆ ಮಾಡಿ. ಗೆಳತಿಯ ರಜೆ ಕೂಡ ಆಗ ಎರಡು ದಿನ ಹಿಗ್ಗಬಹುದು, ಕಚೇರಿಯಲ್ಲಿ ಕೇಳಲಿ.

ಹಣದ ಬಗ್ಗೆ ನೀವು ಬರೆದಿಲ್ಲ, ಆದರೆ ನಿಮ್ಮ ಸಿಟ್ಟಿನ ಅರ್ಧಭಾಗ ಅಲ್ಲೇ ಇದೆಯೆಂದು ನನ್ನ ಅನುಮಾನ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ತಲೆಗೊಂದು, ಭಾರತೀಯರಿಗೆ ಸಾವಿರ ನೇಪಾಳಿ ರೂಪಾಯಿ. ಊಟವೂ ಅಷ್ಟೇ, ಅವರವರ ಹೊಟ್ಟೆಗೆ. ಇವುಗಳಲ್ಲಿ ಜಗಳವಿಲ್ಲ. ಜಗಳ ಬರುವುದು ಮಾರ್ಗದರ್ಶಿಯ ದಿನಗೂಲಿ ಮತ್ತು ಜೀಪಿನ ಬಾಡಿಗೆಯಲ್ಲಿ. ಒಬ್ಬರು ಕಡಿಮೆಯಾದರೂ ಇವು ಕಡಿಮೆಯಾಗುವುದಿಲ್ಲ. ಇಬ್ಬರೂ ಸೇರಿ ಒಪ್ಪಿಕೊಂಡ ಹಂಚಿಕೆಯ ಖರ್ಚಿನಲ್ಲಿ ತನ್ನ ಪಾಲನ್ನು ನಡುವೆ ಹೊರಡುವವಳು ಪೂರ್ತಿ ಕೊಡಬೇಕು. ಇದು ಕಠಿಣವೆನಿಸಿದರೆ ಅವಳು ಇಳಿದ ಮೇಲಿನ ದಿನಗಳದ್ದನ್ನು ನೀವೇ ಮನ್ನಾ ಮಾಡಿ, ಆದರೆ ಮನ್ನಾ ಮಾಡಿದೆ ಎಂದು ಬಾಯಿಬಿಟ್ಟು ಹೇಳಿಬಿಡಿ. ಹೇಳದೆ ಮಾಡಿದ ಉದಾರತೆ ಮುಂದಿನ ವರ್ಷ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಹೊರಬರುತ್ತದೆ.

ಇನ್ನು ಚೀಲ. ಭಾರ ಉಳಿಸಲೆಂದು ಜೊತೆಗಾರರು ಸಾಮಾನು ಹಂಚಿಕೊಳ್ಳುತ್ತಾರೆ: ಔಷಧಿ ಇವಳ ಹತ್ತಿರ, ನೀರು ಶುದ್ಧಿಯ ಮಾತ್ರೆ ಅವಳ ಹತ್ತಿರ, ಚಾರ್ಜರ್ ಇಬ್ಬರಿಗೂ ಒಂದೇ. ಮನಾಂಗ್‌ನ ಲಾಡ್ಜೊಂದರಲ್ಲಿ ಇಬ್ಬರು ಹುಡುಗರು ಬೇರೆಯಾಗುವುದನ್ನು ನೋಡಿದ್ದೇನೆ. ಒಬ್ಬ ಅಡುಗೆಮನೆಯಿಂದ ಕತ್ತರಿ ಬೇಡಿ ತಂದು ಮಾತ್ರೆಯ ಪಟ್ಟಿಗಳನ್ನು ಮಧ್ಯಕ್ಕೆ ಕತ್ತರಿಸುತ್ತಿದ್ದ. ಮಾತ್ರೆಯ ಹೆಸರು ಅರ್ಧ ಇವನ ಕಡೆ, ಅವಧಿಯ ದಿನಾಂಕ ಅವನ ಕಡೆ. ತಲೆದೀಪ ಒಂದೇ ಇತ್ತು, ಅದಕ್ಕೆ ನಾಣ್ಯ ಚಿಮ್ಮಿದರು. ಕೆಳಗೆ ಇಳಿಯುವವನಿಗೆ ಬಿತ್ತು! ಪಾಸಿಗೆ ಬೆಳಗಿನ ಜಾವ ನಾಲ್ಕಕ್ಕೆ ಕತ್ತಲಲ್ಲಿ ಹೊರಡಬೇಕಾದವನು ಪೇಟೆಯಲ್ಲಿ ಹೊಸದನ್ನು ಮೂರು ಪಟ್ಟು ಬೆಲೆಗೆ ಕೊಂಡ. ನಿಮ್ಮಿಬ್ಬರ ಚೀಲಗಳೂ ಮನೆಯಿಂದಲೇ ಬೇರೆಬೇರೆಯಾಗಿ ಪೂರ್ಣವಾಗಿರಲಿ. ಹಣ, ಗುರುತಿನ ಚೀಟಿ, ಪರವಾನಗಿ, ವಿಮೆಯ ಕಾಗದ, ಔಷಧಿ, ದೀಪ, ಬೆಚ್ಚನೆಯ ಜಾಕೆಟ್ ಇಬ್ಬರ ಬಳಿಯೂ ಇರಬೇಕು. ಟೂತ್‌ಪೇಸ್ಟ್ ಬೇಕಾದರೆ ಹಂಚಿಕೊಳ್ಳಿ.

ಸಿಟ್ಟು? ರಜೆ ಕೊಡದಿದ್ದುದು ಅವಳ ಕಚೇರಿ. ಮೂರು ದಿನ ಒಟ್ಟಿಗೆ ನಡೆಯುವುದನ್ನು ಈಗಲೇ ನಿಗದಿ ಮಾಡಿ ತಿಳಿಸಿ. ಅದಕ್ಕೂ ಅವಳು ಮೂಗು ಮುರಿದರೆ ಆಗ ಸಿಟ್ಟಾಗಿ, ನನ್ನ ಬೆಂಬಲವಿದೆ.

ಪ್ರಶ್ನೆ: ಇದೇ ಹಾದಿಯಲ್ಲಿ ಮೇಲಿನ ಊರುಗಳಲ್ಲಿ ಗೆಳೆಯನಿಗೆ ತಲೆನೋವು ಬಂದು ಅವನು “ನೀನು ಹೋಗು, ನಾನು ಇಲ್ಲೇ ಮಲಗಿರುತ್ತೇನೆ” ಎಂದರೆ ಪಾಸ್ ದಾಟಿ ಹೋಗಬಹುದೇ? ಇಬ್ಬರೂ ವಯಸ್ಕರು, ಅವರವರ ನಿರ್ಧಾರ ಅವರವರದ್ದಲ್ಲವೇ?
— ಓದುಗರು, ಮಂಗಳೂರು

ಉತ್ತರ: ಹೋಗಬಾರದು. ನಿರ್ಧಾರ ಮಾಡುವ ಮಿದುಳಿಗೇ ಆಮ್ಲಜನಕ ಸಾಲದಿರುವಾಗ ಅದರ ಮಾತನ್ನು ಕೇಳಿ ಹೊರಡುವುದು ಯಾವ ನ್ಯಾಯ?

ಬರೀ ತಲೆನೋವು, ತುಸು ವಾಕರಿಕೆ ಇದ್ದರೆ ಆ ದಿನ ಮೇಲೇರುವುದು ನಿಂತಿತು. ಅಲ್ಲೇ ಇದ್ದು ನೋಡಬೇಕು. ಕಡಿಮೆಯಾದರೆ ಮರುದಿನ ಮುಂದಕ್ಕೆ, ಹೆಚ್ಚಾದರೆ ಕೆಳಕ್ಕೆ. ಕುಳಿತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಗಲೇ ಇಳಿಸಬೇಕು, ಜೊತೆಗೆ ಆಳಿರಬೇಕು. ಡಯಾಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮುನ್ನ ನಿಮ್ಮ ವೈದ್ಯರನ್ನೇ ಕೇಳಿ, ಲಾಡ್ಜಿನ ಪಕ್ಕದ ಮೇಜಿನವರನ್ನಲ್ಲ. ಅದು ಒಗ್ಗಿಕೊಳ್ಳಲು ನೆರವಾಗುತ್ತದೆ, ಇಳಿಯಬೇಕಾದವನನ್ನು ಏರಿಸುವುದಕ್ಕಲ್ಲ.

ಮನಾಂಗ್‌ನಿಂದ ಪಾಸಿನ ಕಡೆಗೆ ಹೋಗುವ ದಾರಿಯ ಲೇಡರ್‌ನಲ್ಲಿ ಒಂದು ಸಂಜೆ. ಊರಿನ ಎತ್ತರ 4,200 ಮೀಟರ್. ನನ್ನ ಜೊತೆಗಾತಿ ಮಧ್ಯಾಹ್ನದಿಂದ ಮಂಕಾಗಿದ್ದಳು, “ದಣಿವು ಅಷ್ಟೇ” ಎನ್ನುತ್ತಿದ್ದಳು. ಬೆಳ್ಳುಳ್ಳಿ ಸೂಪು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿತ್ತು. ನಮ್ಮ ಮಾರ್ಗದರ್ಶಿ ಮಾತಾಡದೆ ಊಟದ ಕೋಣೆಯ ಬೆಂಚುಗಳನ್ನು ಬದಿಗೆ ಸರಿಸಿ, ನೆಲದ ಹಲಗೆಗಳು ಕೂಡುವ ಗೆರೆ ತೋರಿಸಿದ. ಅದರ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತ ಒಲೆಯವರೆಗೆ ನಡೆದು ತೋರಿಸು ಎಂದ. ಅವಳು ನಗುತ್ತ ಹೊರಟಳು. ಮೊದಲ ಹೆಜ್ಜೆಗಳು ಸರಿಯಾಗಿಯೇ ಬಿದ್ದವು. ಆಮೇಲೆ ಬಲಗಾಲು ಗೆರೆ ಬಿಟ್ಟು ಆಚೆ ಹೋಯಿತು, ಕೈ ಗೋಡೆ ಹುಡುಕಿತು. “ಚಪ್ಪಲಿ ದೊಡ್ಡದು” ಎಂದಳು. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕಾಲುಚೀಲವಿತ್ತು. ಮಾರ್ಗದರ್ಶಿ ಆಗಲೇ ತನ್ನ ಚೀಲದ ಪಟ್ಟಿ ಬಿಗಿಯುತ್ತಿದ್ದ. ಹಮಾಲಿ ಮುಂದೆ ದೀಪ ಹಿಡಿದ, ಮಾರ್ಗದರ್ಶಿ ಅವಳ ತೋಳು ಹಿಡಿದ, ನಾನು ಹಿಂದೆ. ಮನಾಂಗ್ ತಲುಪಿದಾಗ ನಾಯಿಗಳು ಮಾತ್ರ ಎಚ್ಚರವಿದ್ದವು. ಮರುದಿನ ಅವಳು ಬೇಯಿಸಿದ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿಂದಳು. ನಾನು ಪಾಸ್ ದಾಟಿದ್ದು ಬೇರೊಂದು ವರ್ಷ, ಬೇರೆಯವರ ಜೊತೆ.

ಆ ಮಾರ್ಗದರ್ಶಿಯ ಜೊತೆ ಹಮಾಲಿಯೂ ಇದ್ದುದರಿಂದ ಬೇಕೆಂದಿದ್ದರೆ ನಾವು ಬೇರೆಯಾಗಬಹುದಿತ್ತು. ಒಬ್ಬನೇ ಮಾರ್ಗದರ್ಶಿ ಇದ್ದಲ್ಲಿ ಆ ಪ್ರಶ್ನೆಯೇ ಇಲ್ಲ: ಅವನು ಕಾಯಿಲೆಯವರ ಜೊತೆ ಇಳಿಯುತ್ತಾನೆ, ಮಿಕ್ಕವರೂ ಇಳಿಯುತ್ತಾರೆ. ಇದನ್ನು ಬೇಸಿಸಹರ್‌ನಲ್ಲೇ, ಎಲ್ಲರಿಗೂ ಹಸಿವು ಮತ್ತು ಬುದ್ಧಿ ಸರಿಯಿರುವಾಗ, ಬಾಯಿಬಿಟ್ಟು ಒಪ್ಪಿಕೊಳ್ಳಿ.

ಚಾರಣದ ಋತುಗಳಲ್ಲಿ ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರ ತೆರೆದಿರುತ್ತದೆ. ಮಧ್ಯಾಹ್ನಗಳಲ್ಲಿ ಅಲ್ಲಿನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಚಾರಣಿಗರಿಗೆ ತಿಳಿಹೇಳುತ್ತಾರೆ. ಗೆಳೆಯನ ಜೊತೆ ಹೋಗಿ ಕುಳಿತು ಕೇಳಿ, ಆಮೇಲೆ “ಅವರವರ ನಿರ್ಧಾರ” ಎಂಬ ಮಾತು ತಾನಾಗಿ ಇಳಿಯುತ್ತದೆ. ವಿಮೆಯ ಕಾಗದದಲ್ಲಿ ಎಷ್ಟು ಎತ್ತರದವರೆಗೆ ರಕ್ಷಣೆ ಇದೆಯೆಂದು ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಥೊರಾಂಗ್ ಲಾದ ಬುಡದಲ್ಲೇ ಕೈ ಬಿಡುತ್ತವೆ. ಹೆಲಿಕಾಪ್ಟರ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳಲಿ. ಅಗತ್ಯವಿಲ್ಲದವರನ್ನೂ ಹತ್ತಿಸಿ ವಿಮಾ ಹಣ ವಸೂಲು ಮಾಡುವ ದಂಧೆಯ ಬಗ್ಗೆ ನೇಪಾಳ ಸರ್ಕಾರವೇ 2018ರಲ್ಲಿ ತನಿಖೆ ಮಾಡಿಸಿತ್ತು.

ಹವಾಮಾನಕ್ಕೂ ಇದೇ ಮಾತು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಅಳಿದುಳಿದ ಮೋಡಗಳು ಎರಡು ದಿನದಲ್ಲಿ ಅನ್ನಪೂರ್ಣ ಮತ್ತು ಧೌಲಗಿರಿ ಸೀಮೆಗೆ ಬಂದು ಹಿಮ ಸುರಿದವು. ಚಾರಣಿಗರು, ಮಾರ್ಗದರ್ಶಿಗಳು, ಸ್ಥಳೀಯರು ಸೇರಿ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹಲವರು ಥೊರಾಂಗ್ ಲಾ ಆಸುಪಾಸಿನಲ್ಲಿದ್ದವರು. ಅಕ್ಟೋಬರ್‌ನಲ್ಲಿ ಹೊರಟವರು ಬಂಗಾಳಕೊಲ್ಲಿಯ ಸುದ್ದಿಯ ಮೇಲೂ ಒಂದು ಕಣ್ಣಿಡಬೇಕು. ಪಾಸಿಗೆ ಮುಂಚಿನ ತಂಗುದಾಣಗಳಾದ ಫೇದಿಯಲ್ಲೋ ಹೈಕ್ಯಾಂಪಿನಲ್ಲೋ ಕಾಯಲು ಒಂದೆರಡು ಬಿಡಿ ದಿನ ಇಟ್ಟುಕೊಳ್ಳಿ, ವಾಪಸಿನ ವಿಮಾನವನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ.

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಬೇಸಿಗೆಯಲ್ಲಿ ಜಾನ್ ಮ್ಯೂರ್ ಟ್ರೇಲ್‌ಗೆ ಗೆಳೆಯನ ಹೆಸರಿನಲ್ಲಿ ಪರವಾನಗಿ ಸಿಕ್ಕಿತ್ತು, ಈಗ ಅವನು ಬರಲಾಗುತ್ತಿಲ್ಲ. ಅವನ ಪರವಾನಗಿಯ ಮೇಲೆ ನಾನು ಹೋಗಬಹುದೇ?
— ಓದುಗರು, ಸ್ಯಾನ್ ಹೊಸೆ

ಉತ್ತರ: ಅದರಲ್ಲಿ ನಿಮ್ಮ ಹೆಸರು ಪರ್ಯಾಯ ಮುಖ್ಯಸ್ಥ ಎಂದು ನಮೂದಾಗಿದ್ದರೆ ಹೋಗಬಹುದು. ಇಲ್ಲದಿದ್ದರೆ ಆ ಕಾಗದ ಅವನೊಂದಿಗೇ ಮನೆಯಲ್ಲಿ ಉಳಿಯುತ್ತದೆ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಹೊಸದಾಗಿ ಅರ್ಜಿ ಹಾಕಿ. ಬೇರೆಯವರು ರದ್ದು ಮಾಡಿದ ಜಾಗಗಳು ಆಗಾಗ ತೆರೆಯುತ್ತವೆ, ದಿನಕ್ಕೆ ಎರಡು ಸಲ ನೋಡುತ್ತಿರಿ. ಮುಂದಿನ ಬಾರಿ ಇಬ್ಬರ ಹೆಸರೂ ಬರೆಸಿ.

ಒಬ್ಬರೇ ಹೊರಡುವುದಾದರೆ ಚೀಲದ ಲೆಕ್ಕ ಬದಲಾಗುತ್ತದೆ. ಡೇರೆ, ಒಲೆ ಇಬ್ಬರ ಬೆನ್ನಿನಿಂದ ಒಬ್ಬರ ಬೆನ್ನಿಗೆ ಬರುತ್ತವೆ. ಕರಡಿಗೆ ಸಿಗದಂತೆ ಆಹಾರ ತುಂಬಿಡುವ ಡಬ್ಬಿಯಂತೂ ಅಲ್ಲಿ ಬಿಡುವಂತಿಲ್ಲ. ನೇಪಾಳದಲ್ಲಿ ಸಂಜೆಯಾದರೆ ದಾಲ್-ಭಾತ್ ಬಡಿಸುವ ಮನೆ ಸಿಗುತ್ತದೆ. ಯೊಸೆಮಿಟಿಯಿಂದ ವಿಟ್ನಿ ಶಿಖರದವರೆಗಿನ ಸುಮಾರು 340 ಕಿಲೋಮೀಟರ್‌ನಲ್ಲಿ ಬಹುಪಾಲು ನೀವು ಹೊತ್ತದ್ದೇ ಊಟ. ಪೂರ್ತಿ ಸಾಧ್ಯವಿಲ್ಲವೆನಿಸಿದರೆ ರೆಡ್ಸ್ ಮೆಡೋದಲ್ಲಿ ಹೊರಬಿದ್ದು ಮ್ಯಾಮತ್ ಲೇಕ್ಸ್ ಪಟ್ಟಣಕ್ಕೆ ಹೋಗಬಹುದು, ನಾಚಿಕೆಪಡುವ ಸಂಗತಿಯೇನಲ್ಲ.

ಪ್ರಶ್ನೆ: ಮಗ ಮತ್ತು ಅವನ ಗೆಳೆಯ ಥೊರಾಂಗ್ ಲಾ ದಾಟಿ ಮುಕ್ತಿನಾಥಕ್ಕೆ ಇಳಿಯುತ್ತಾರಂತೆ. ಗೆಳೆಯ ಬರುವುದು ಅನುಮಾನವಾದಾಗಿನಿಂದ ನನಗೆ ನಿದ್ದೆ ಇಲ್ಲ. ಮನೆಯಲ್ಲಿ ನಿತ್ಯ ಸಾಲಿಗ್ರಾಮ ಪೂಜೆಯಿದೆ. ಗಂಡಕಿ ನೋಡುವ ಆಸೆ ಮೊದಲಿನಿಂದಲೂ ಇದೆ. ನಾನೇ ಮುಕ್ತಿನಾಥಕ್ಕೆ ಹೋಗಿ ಕಾಯಲೇ? ವಯಸ್ಸು ಅರವತ್ತು ದಾಟಿದೆ.
— ಓದುಗರು, ಉಡುಪಿ

ಉತ್ತರ: ಹೋಗಿ ಅಮ್ಮ. ವೈದ್ಯರಿಗೆ ಒಮ್ಮೆ ಹೃದಯ, ರಕ್ತದೊತ್ತಡ ತೋರಿಸಿಕೊಂಡು ಹೋಗಿ.

ದೇವಸ್ಥಾನ 3,700 ಮೀಟರ್ ಮೇಲಿದೆ. ಪೊಖರಾದಿಂದ ರಸ್ತೆ ಇರುವುದರಿಂದ ಯಾತ್ರಿಕರು ಒಂದೇ ಉಸಿರಿಗೆ ಬಂದು ದರ್ಶನದ ಸಾಲಿನಲ್ಲಿ ತಲೆ ಸುತ್ತಿ ಕೂರುತ್ತಾರೆ. ನೀವು ಮಾರ್ಫಾದಲ್ಲೋ ಜೋಮ್‌ಸೋಮ್‌ನಲ್ಲೋ ಎರಡು ರಾತ್ರಿ ಇರಿ. ಕಾಗ್‌ಬೇನಿಯಲ್ಲಿ ಗಂಡಕಿಯ ಪಾತ್ರಕ್ಕೆ ಇಳಿದು ಕಪ್ಪು ಕಲ್ಲುಗಳನ್ನು ನೋಡಿ. ಕಡಲಿದ್ದ ಕಾಲದ ಜೀವಿಗಳ ಸುರುಳಿ ಅವುಗಳೊಳಗಿದೆ, ನಿಮ್ಮ ದೇವರ ಪೆಟ್ಟಿಗೆಯಲ್ಲಿರುವುದೂ ಅದೇ ಕುಲ. ಮುಕ್ತಿನಾಥದಲ್ಲಿ ಗೋಮುಖದಂಥ ನೂರೆಂಟು ಬಾಯಿಗಳಿಂದ ಹಿಮದ ನೀರು ಬೀಳುತ್ತದೆ. ಎಲ್ಲದರ ಕೆಳಗೂ ತಲೆ ಒಡ್ಡಲೇಬೇಕೆಂದಿಲ್ಲ. ಕೈಯಲ್ಲಿ ಹಿಡಿದು ಪ್ರೋಕ್ಷಿಸಿಕೊಂಡರೂ ನಡೆಯುತ್ತದೆ, ಚಳಿಗೆ ಎದೆ ಹಿಡಿದುಕೊಂಡವರನ್ನು ಕಂಡಿದ್ದೇನೆ.

ಮಗನ ವಿಷಯ. ಮಾರ್ಗದರ್ಶಿ ಇದ್ದರೆ ಗೆಳೆಯನಿಲ್ಲದೆಯೂ ಹೋಗಬಹುದು. ಇಂಥ ದಿನ, ಇಂಥ ಗಂಟೆಗೆ ಬರುತ್ತೇನೆ ಎಂದು ಅವನಿಂದ ಮಾತು ತೆಗೆದುಕೊಳ್ಳಬೇಡಿ. ನಿಮ್ಮ ಮುಖ ನೆನೆದು ಕೆಟ್ಟ ಹವೆಯಲ್ಲೂ ಅವನು ಹೊರಟುಬಿಟ್ಟಾನು. ರಾಣಿಪೌವಾ ಎಂಬ ಊರು ದೇವಸ್ಥಾನದ ಕೆಳಗೇ ಇದೆ, ಅಲ್ಲಿ ಒಂದು ಲಾಡ್ಜ್ ಗೊತ್ತುಮಾಡಿ ಅದರ ಹೆಸರನ್ನು ಅವನ ಮಾರ್ಗದರ್ಶಿಗೂ ಕೊಡಿ. ಕೋಣೆಯನ್ನು ಅವನು ಹೇಳಿದ ದಿನಕ್ಕಿಂತ ಎರಡು ದಿನ ಹೆಚ್ಚಿಗೆ ಕಾದಿರಿಸಿ. ಮೊಬೈಲ್ ಸಂಪರ್ಕ ತಪ್ಪಿದರೆ ಗಾಬರಿಯಾಗದೆ ಲಾಡ್ಜಿನವರನ್ನು ಕೇಳಿ, ಅಂದು ಪಾಸ್ ಇಳಿದು ಬಂದವರು ಮಧ್ಯಾಹ್ನದ ಹೊತ್ತಿಗೆ ಊಟಕ್ಕೆ ಕುಳಿತಿರುತ್ತಾರೆ. ಹಿಂದೆ ಯಾರು ಯಾರು ಇದ್ದಾರೆಂದು ಅವರೇ ಹೇಳುತ್ತಾರೆ.